ಎಷ್ಟನೇ ಸ್ಟೇಜ್ ಎಂದು ಕೇಳುವ ಮೊದಲು

ಸ್ತನ ಕ್ಯಾನ್ಸರ್ ಎಂದು ತಿಳಿದ ಮನೆಗೆ ಬರುವವರೆಲ್ಲ ಎಳನೀರಿನ ಜೊತೆಗೆ ಒಂದೇ ಪ್ರಶ್ನೆ ತರುತ್ತಾರೆ: ‘ಎಷ್ಟನೇ ಸ್ಟೇಜಂತೆ?’ ಕೇಳುವುದು ಗಂಡನನ್ನೋ ಮಗನನ್ನೋ, ದನಿ ತಗ್ಗಿಸಿ. ಮೂರು ಎಂದರೆ ಮುಖ ಬಾಡುತ್ತದೆ; ನಾಲ್ಕು ಎಂದರೆ ದಿನ ಎಣಿಸಲು ಶುರು. ಕಾಯಿಲೆಯವಳಿಗೆ ಮಾತ್ರ ಆ ಅಂಕಿಯನ್ನು ಯಾರೂ ಹೇಳಿರುವುದಿಲ್ಲ.

ನಾನು ಡೊಂಬಿವಲಿಯವಳು. ಮುಂಬಯಿಯ ಪರೇಲಿನ ಟಾಟಾ ಕ್ಯಾನ್ಸರ್ ಆಸ್ಪತ್ರೆಗೆಂದು ಊರಿನಿಂದ ಬರುವ ನೆಂಟರು, ನೆಂಟರ ನೆಂಟರು ನಮ್ಮಲ್ಲೇ ಇಳಿದುಕೊಳ್ಳುತ್ತಾರೆ. ಮರಾಠಿ ಬರುತ್ತದೆಂದು ಫೈಲು ಹಿಡಿದು ಜೊತೆಗೆ ಹೋಗುವವಳು ನಾನೇ. ಆ ಓಡಾಟದಲ್ಲಿ ಅರ್ಥವಾದದ್ದಿಷ್ಟು: ಸ್ಟೇಜ್ ಎಂಬುದು ಆಯುಷ್ಯದ ಲೆಕ್ಕವಲ್ಲ, ಯಾವ ಚಿಕಿತ್ಸೆ ಮೊದಲು, ಯಾವುದು ಆಮೇಲೆ ಎಂದು ಗೊತ್ತುಮಾಡುವ ಲೆಕ್ಕ.

ಗಂಟು ಎರಡು ಸೆಂಟಿಮೀಟರಿನೊಳಗಿದ್ದು ಕಂಕುಳಿಗೆ ಹೋಗಿಲ್ಲದಿದ್ದರೆ ಸಾಮಾನ್ಯವಾಗಿ ಒಂದನೇ ಹಂತ. ಇನ್ನಷ್ಟು ಬೆಳೆದಿದ್ದರೆ ಅಥವಾ ಕಂಕುಳಿನ ಕೆಲವು ಗ್ರಂಥಿಗಳನ್ನು ಮುಟ್ಟಿದ್ದರೆ ಎರಡನೆಯದು. ಇವೆರಡರಲ್ಲಿ ಬಹಳ ಮಂದಿಗೆ ಇಡೀ ಸ್ತನ ತೆಗೆಯುವ ಅಗತ್ಯವೇ ಇಲ್ಲ. ಗಂಟಿನ ಭಾಗವನ್ನಷ್ಟೇ ತೆಗೆದು, ಉಳಿದುದಕ್ಕೆ ನಮ್ಮವರು ‘ಕರೆಂಟು’ ಎನ್ನುವ ರೇಡಿಯೇಶನ್ ಕೊಟ್ಟರೆ ಬದುಕುವ ಅವಕಾಶ ಪೂರ್ತಿ ತೆಗೆದಾಗಿನಷ್ಟೇ ಇರುತ್ತದೆ. ಮಿಲಾನಿನಲ್ಲೂ ಅಮೆರಿಕದಲ್ಲೂ ಇಪ್ಪತ್ತು ವರ್ಷ ಕಾದು ನೋಡಿದ ಫಲಿತಾಂಶ 2002ರಲ್ಲೇ ಬಂದಿದೆ. ಆದರೂ ‘ಪೂರ್ತಿ ತೆಗೆದುಬಿಡಿ, ನೆಮ್ಮದಿ’ ಎನ್ನುವ ಗಂಡಂದಿರನ್ನು ಕಂಡಿದ್ದೇನೆ. ನೆಮ್ಮದಿ ಯಾರದ್ದೋ!

ಮೂರನೇ ಹಂತದಲ್ಲಿ ಗಂಟು ದೊಡ್ಡದಾಗಿ ಚರ್ಮಕ್ಕೋ ಎದೆಗೂಡಿಗೋ ಅಂಟಿರಬಹುದು, ಗ್ರಂಥಿಗಳು ಒಂದಕ್ಕೊಂದು ಹೆಣೆದುಕೊಂಡಿರಬಹುದು. ಇಲ್ಲಿ ಹೆಚ್ಚಾಗಿ ಕೀಮೋ ಮೊದಲು, ಆಪರೇಶನ್ ಆಮೇಲೆ. ‘ಆಪರೇಶನ್ ಮಾಡದೆ ವಾಪಸ್ ಕಳಿಸಿದರು, ಕೈಬಿಟ್ಟರು ಅಂತ ತಾನೆ?’ ಎಂದು ಅಳುವವರಿದ್ದಾರೆ. ಕೈಬಿಟ್ಟದ್ದಲ್ಲ, ಗಂಟು ಕುಗ್ಗಲಿ ಎಂದು ಕಾಯುವುದು.

ನಾಲ್ಕನೆಯದರಲ್ಲಿ ರೋಗ ಎಲುಬು, ಶ್ವಾಸಕೋಶ, ಯಕೃತ್ತಿಗೋ ಮಿದುಳಿಗೋ ಹೋಗಿರುತ್ತದೆ. ‘ಆ ಗಂಟನ್ನಾದರೂ ತೆಗೆಯಿರಿ’ ಎಂದು ಮನೆಯವರು ಬೇಡಿಕೊಳ್ಳುತ್ತಾರೆ. ಇದಕ್ಕೆ ಉತ್ತರ ಹುಡುಕಿದ್ದು ಪರೇಲಿನಲ್ಲೇ. ಟಾಟಾ ಆಸ್ಪತ್ರೆಯ ಡಾ. ರಾಜೇಂದ್ರ ಬಡ್ವೆ ಮತ್ತು ಸಂಗಡಿಗರು 350 ಮಹಿಳೆಯರ ಮೇಲೆ ನಡೆಸಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಸ್ತನದ ಗಂಟು ತೆಗೆಸಿಕೊಂಡವರು ತೆಗೆಸಿಕೊಳ್ಳದವರಿಗಿಂತ ಹೆಚ್ಚು ಕಾಲ ಬದುಕಲಿಲ್ಲ. ಹುಣ್ಣಾಗಿ ರಕ್ತ ಬರುತ್ತಿದ್ದರೆ ಆ ಮಾತು ಬೇರೆ. ಉಳಿದಂತೆ ಅಲ್ಲಿ ಔಷಧಿಯೇ ಮುಖ್ಯ. ಪೂರ್ತಿ ಗುಣವಾಗುವುದು ಅಪರೂಪ, ನಿಜ. ಆದರೆ ಔಷಧಿ ಹಿಡಿದರೆ ವರ್ಷಗಟ್ಟಲೆ ಅಡುಗೆ, ಆಫೀಸು, ಮೊಮ್ಮಕ್ಕಳು ಎಂದು ಓಡಾಡುವವರಿದ್ದಾರೆ.

ಸ್ಟೇಜ್ ಒಂದರಿಂದಲೇ ಎಲ್ಲವೂ ತೀರ್ಮಾನವಾಗುವುದೂ ಇಲ್ಲ. ಗಂಟಿನ ತುಣುಕಿನಲ್ಲಿ ಈಸ್ಟ್ರೊಜೆನ್, ಪ್ರೊಜೆಸ್ಟೆರಾನ್ ಹಾರ್ಮೋನುಗಳ ಗ್ರಾಹಕಗಳು, ಹರ್-2 ಎಂಬ ಪ್ರೋಟೀನ್ ಇವೆಯೇ ಎಂದು ಪರೀಕ್ಷೆ ಮಾಡುತ್ತಾರೆ. ಹಾರ್ಮೋನಿಗೆ ಸ್ಪಂದಿಸುವ ಗಂಟಾದರೆ ಟ್ಯಾಮಾಕ್ಸಿಫೆನ್‌ನಂಥ ಅಗ್ಗದ ಮಾತ್ರೆ ಐದು ವರ್ಷವೋ ಹೆಚ್ಚೋ. ಹರ್-2 ಹೆಚ್ಚಿದ್ದರೆ ಟ್ರಾಸ್ಟುಜುಮಾಬ್ ಎಂಬ ಔಷಧಿ. ಒಂದೇ ಸ್ಟೇಜಿನ ಇಬ್ಬರಿಗೆ ಬೇರೆ ಬೇರೆ ಔಷಧಿ ಬರೆದರೆ ಡಾಕ್ಟರರ ಮೇಲೆ ಗುಮಾನಿ ಬೇಡ.

ನನ್ನ ತಕರಾರು ಬೇರೆಯೇ ಇದೆ. ಆಸ್ಪತ್ರೆ ಅಂಕಿ ಹೇಳುವ ಎಷ್ಟೋ ಮೊದಲು, ‘ನೋಯುವುದಿಲ್ಲವಲ್ಲ, ಮಗಳ ಮದುವೆ ಮುಗಿಯಲಿ’ ಎಂದು ದಿನ ದೂಡಿದ ಮನೆಯಲ್ಲಿ ಆ ಅಂಕಿ ಏರಿರುತ್ತದೆ. ಇದನ್ನು ಇಳಿಸುವ ದಾರಿಯನ್ನೂ ಮುಂಬಯಿಯೇ ತೋರಿಸಿಕೊಟ್ಟಿದೆ. 1998ರಲ್ಲಿ ಟಾಟಾದವರು ಇಲ್ಲಿನ ಕೊಳೆಗೇರಿಗಳ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಮಹಿಳೆಯರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರನ್ನು ತರಬೇತಾದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸಲ, ಕೈಯಿಂದಲೇ ಪರೀಕ್ಷಿಸಿದರು. ಮ್ಯಾಮೊಗ್ರಫಿ ಯಂತ್ರವಿಲ್ಲ, ಡಾಕ್ಟರೂ ಇಲ್ಲ. ಡಾ. ಇಂದ್ರನೀಲ್ ಮಿತ್ರ ಮತ್ತು ಸಂಗಡಿಗರು 2021ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಪರೀಕ್ಷೆ ಆಗದ ಗುಂಪಿನಲ್ಲಿ ಕ್ಯಾನ್ಸರ್ ಬಂದವರ ಪೈಕಿ ಶೇ 47ರಷ್ಟು ಮಂದಿಗೆ ಮೂರನೇ ಅಥವಾ ನಾಲ್ಕನೇ ಹಂತ. ಪರೀಕ್ಷೆ ಆದವರಲ್ಲಿ ಶೇ 37. ಐವತ್ತು ದಾಟಿದವರಲ್ಲಿ ಸ್ತನ ಕ್ಯಾನ್ಸರಿನಿಂದಾಗುವ ಸಾವು ಸುಮಾರು ಶೇ 30ರಷ್ಟು ಕಡಿಮೆಯಾಯಿತು. ಚಿಕ್ಕ ವಯಸ್ಸಿನವರಲ್ಲಿ ಆ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಬೇಕು.

ಕೇಂದ್ರ ಸರ್ಕಾರ 2016ರಲ್ಲಿ ರೂಪಿಸಿದ ಕಾರ್ಯಕ್ರಮದಲ್ಲಿ ಈ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಅದೂ ಕಾಗದದ ಮೇಲೆ: 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಸ್ತನ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಒಬ್ಬರೂ ಇರಲಿಲ್ಲ. ಐವತ್ತು ದಾಟಿದವರಿಗಾದರೂ ಪಾಲಿಕೆಯ ದವಾಖಾನೆಗಳಲ್ಲಿ ಎರಡು ವರ್ಷಕ್ಕೊಮ್ಮೆ ಇದು ಸಿಗಬೇಕು. ಅಲ್ಲಿಯವರೆಗೆ ನಮ್ಮ ಕನ್ನಡ ಸಂಘಗಳ ಆರೋಗ್ಯ ಶಿಬಿರಗಳು ಶುಗರ್, ಬಿ.ಪಿ. ನೋಡುವ ಮೇಜಿನ ಪಕ್ಕ ಒಂದು ಕೋಣೆ, ಒಂದು ಪರದೆ, ತರಬೇತಾದ ಒಬ್ಬ ಹೆಂಗಸನ್ನು ಹೊಂದಿಸಿಕೊಳ್ಳಲಿ. ಗಂಟು ಸಿಕ್ಕವಳನ್ನು ಆ ವಾರದೊಳಗೆ ಆಸ್ಪತ್ರೆಗೆ ಕರೆದೊಯ್ಯುವವರು ಯಾರು ಎಂಬುದನ್ನು ಶಿಬಿರದ ಆಮಂತ್ರಣ ಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಗೊತ್ತುಮಾಡಿಕೊಳ್ಳಲಿ. ಬಿಡುವಿರುವ ದಿನ ನಾನೂ ಬರುತ್ತೇನೆ.