ಮಾನದಂಡ ಮೊದಲು, ಮತ ಆಮೇಲೆ

ಅಭ್ಯಾಸ ಬೋಧನೆಯಲ್ಲಿ ನಾನು ವೀಕ್ಷಿಸುವ ಚರ್ಚಾ ಪಾಠಗಳಲ್ಲಿ ಒಂದು ಕೊರತೆ ಮತ್ತೆ ಮತ್ತೆ ಕಾಣುತ್ತದೆ. ಪ್ರಶಿಕ್ಷಣಾರ್ಥಿಗಳು ತರಗತಿಯನ್ನು ಪರ, ವಿರೋಧ ಎಂದು ಎರಡು ಗುಂಪು ಮಾಡುತ್ತಾರೆ. ಮಕ್ಕಳು ಅಂಕಿಅಂಶ ಹೇಳುತ್ತಾರೆ. ಕೊನೆಗೆ ಕೈ ಎತ್ತಿಸಿ ತೀರ್ಮಾನ. ಯಾವ ಅಳತೆಗೋಲಿನಿಂದ ಅಳೆಯುತ್ತಿದ್ದೇವೆ ಎಂದು ಯಾರೂ ಕೇಳುವುದಿಲ್ಲ. ಈ ಪ್ರಶ್ನೆಯನ್ನು ಕಲಿಸಲು ಅಮೆರಿಕದ ಬೇಸ್‌ಬಾಲ್‌ನ ಒಂದು ವಿವಾದ ಒಳ್ಳೆಯ ಸಾಮಗ್ರಿ ಎಂಬುದು ನನ್ನ ಅಭಿಪ್ರಾಯ.

ಅಲ್ಲಿ ಪ್ರತಿ ವರ್ಷ ಬೇಸ್‌ಬಾಲ್ ಬರಹಗಾರರು ಮತ ಹಾಕಿ ‘ಅತ್ಯಂತ ಮೌಲ್ಯಯುತ ಆಟಗಾರ’ನನ್ನು ಆರಿಸುತ್ತಾರೆ. 2012ರಲ್ಲಿ ಅಮೆರಿಕನ್ ಲೀಗ್‌ನ ಪ್ರಶಸ್ತಿಗೆ ಇಬ್ಬರ ನಡುವೆ ಪೈಪೋಟಿ. ಡೆಟ್ರಾಯಿಟ್ ಟೈಗರ್ಸ್‌ನ ಮಿಗೆಲ್ ಕಬ್ರೆರಾ ಬ್ಯಾಟಿಂಗ್ ಸರಾಸರಿ (0.330), ಹೋಮ್ ರನ್ (44), ತನ್ನ ಹೊಡೆತದಿಂದ ತಂಡಕ್ಕೆ ತಂದ ರನ್ (139) ಈ ಮೂರರಲ್ಲೂ ಲೀಗ್‌ಗೆ ಮೊದಲಿಗ. 1967ರ ನಂತರ ಯಾರೂ ಇದನ್ನು ಸಾಧಿಸಿರಲಿಲ್ಲ. ಏಂಜಲ್ಸ್ ತಂಡದ ಯುವಕ ಮೈಕ್ ಟ್ರೌಟ್‌ನ ಸರಾಸರಿ 0.326, ಹೋಮ್ ರನ್ 30. ಜೊತೆಗೆ ಓಡಿ ಕದ್ದ ಬೇಸ್ 49, ಮೇಲಾಗಿ ಉತ್ತಮ ಫೀಲ್ಡಿಂಗ್. 28 ಮೊದಲ ಸ್ಥಾನದ ಮತಗಳಲ್ಲಿ 22 ಕಬ್ರೆರಾಗೆ ಬಿದ್ದವು.

ಈಗ ಅಂಕಿಗಳ ಒಳಗೆ ನೋಡೋಣ. ಹೊಡೆತದಿಂದ ತಂದ ರನ್‌ಗಳಲ್ಲಿ ಕಬ್ರೆರಾ 139, ಟ್ರೌಟ್ 83. ಆದರೆ ಟ್ರೌಟ್ ಹೆಚ್ಚಾಗಿ ತಂಡದ ಮೊದಲ ಬ್ಯಾಟರ್. ಅವನು ಬರುವಾಗ ಬೇಸ್‌ಗಳಲ್ಲಿ ಸಹ ಆಟಗಾರರು ಇರುವುದು ಕಡಿಮೆ. ಹಾಗಾದರೆ ಆ ಸಂಖ್ಯೆ ಅಳೆಯುವುದು ಸಾಮರ್ಥ್ಯವನ್ನೋ, ಸಿಕ್ಕ ಅವಕಾಶವನ್ನೋ? ಟೈಗರ್ಸ್ 88 ಪಂದ್ಯ ಗೆದ್ದು ತಮ್ಮ ವಿಭಾಗದಲ್ಲಿ ಮೊದಲಾಗಿ ಮುಂದಿನ ಸುತ್ತಿಗೆ ಹೋದರು. ಏಂಜಲ್ಸ್ 89 ಗೆದ್ದರೂ ಕಠಿಣ ವಿಭಾಗದಲ್ಲಿ ಮೂರನೆಯವರಾಗಿ ಹೊರಗುಳಿದರು. ಇನ್ನೂ ಕುತೂಹಲದ ಸಂಗತಿ: ‘ಮೌಲ್ಯಯುತ’ ಎಂಬುದಕ್ಕೆ ಖಚಿತ ವ್ಯಾಖ್ಯಾನ ಇಲ್ಲವೆಂದು ಮತದಾರರ ಸೂಚನೆಯೇ ಹೇಳುತ್ತದೆ. ಆಟಗಾರನ ಒಟ್ಟು ಕೊಡುಗೆಯೇ ಮೌಲ್ಯ ಎಂದುಕೊಂಡರೆ ನನ್ನ ಮತ ಟ್ರೌಟ್‌ಗೆ. ಬ್ಯಾಟಿಂಗೇ ಮುಖ್ಯ ಎನ್ನುವವರಿಗೆ ಕಬ್ರೆರಾ. ಜಗಳ ಅಂಕಿಗಳದ್ದಲ್ಲ, ಪದದ ಅರ್ಥದ್ದು.

ಪಾಠ ಯೋಜನೆ ಸರಳ. ಅಂಕಿ ಕೊಡುವ ಮೊದಲೇ ಪ್ರತಿ ಗುಂಪು ‘ಮೌಲ್ಯಯುತ’ ಎಂದರೇನು ಎಂದು ಒಂದು ವಾಕ್ಯ ಬರೆಯಲಿ. ನಂತರ ಅಂಕಿ ನೋಡಿ, ತಾವೇ ಬರೆದ ವಾಕ್ಯಕ್ಕೆ ಬದ್ಧರಾಗಿ ಆರಿಸಲಿ. ವಾಕ್ಯ ಬದಲಿಸಬೇಕೆನಿಸಿದರೆ ಕಾರಣ ಹೇಳಲಿ.

ನಮ್ಮ ಮಕ್ಕಳಿಗೆ ಬೇಸ್‌ಬಾಲ್ ಗೊತ್ತಿಲ್ಲ, ಕ್ರಿಕೆಟ್ಟೇ ಸಾಲದೇ ಎಂದು ಕೆಲವರು ಕೇಳಬಹುದು. ಗೊತ್ತಿಲ್ಲದಿರುವುದೇ ಇಲ್ಲಿ ಅನುಕೂಲ. ಕೊಹ್ಲಿಯ ಹೆಸರು ಬಂದರೆ ಮಕ್ಕಳು ತೀರ್ಪನ್ನು ಮೊದಲೇ ಕೊಟ್ಟು, ಕಾರಣವನ್ನು ಆಮೇಲೆ ಹುಡುಕುತ್ತಾರೆ.

ಇದು ಅಧ್ಯಾಪಕರಾದ ನಮಗೂ ಅನ್ವಯಿಸುತ್ತದೆ. ಪ್ರೊಜೆಕ್ಟರ್ ಇರುವ ಶಾಲೆಯಲ್ಲಿ ಮೂವತ್ತು ಮಕ್ಕಳಿಗೆ ಪಾಠ ಮಾಡಿದವರನ್ನೂ, ಒಂದೇ ಕೋಣೆಯಲ್ಲಿ ಎರಡು ತರಗತಿ ನಿಭಾಯಿಸಿದವರನ್ನೂ ಒಂದೇ ಅಂಕಪಟ್ಟಿಯಲ್ಲಿಟ್ಟು ‘ಉತ್ತಮ ಪ್ರಶಿಕ್ಷಣಾರ್ಥಿ’ಯನ್ನು ಆರಿಸುತ್ತೇವೆ. ಉತ್ತಮ ಎಂದರೇನೆಂದು ಮೊದಲ ಪಾಠಕ್ಕೂ ಮುನ್ನ ಬರೆದು, ಅವರೆಲ್ಲರ ಕೈಗೆ ಕೊಡೋಣ.