ಯಾರ ಜೀವ ಮೊದಲು?

“ಕಥೆ ಚೆನ್ನಾಗಿದೆ ಫಾದರ್, ಆದರೆ ಅದು ಮುಂದಕ್ಕೇ ಹೋಗುವುದಿಲ್ಲ. ನಾಯಕನನ್ನು ನಡುದಾರಿಯಲ್ಲಿ ಬಿಟ್ಟು ಯಾರ್ಯಾರದೋ ಕಥೆ ಹೇಳುತ್ತ ಕೂರುತ್ತದೆ. ಅರ್ಧದಷ್ಟು ಕಂತುಗಳನ್ನು ಕತ್ತರಿಸಿ ಎಸೆದಿದ್ದರೂ ನಷ್ಟವಿರಲಿಲ್ಲ.” ‘ಮಾನ್‌ಸ್ಟರ್’ ಎಂಬ ಜಪಾನೀ ಅನಿಮೆ ಧಾರಾವಾಹಿಯನ್ನು ಕುರಿತು ತರುಣನೊಬ್ಬನು ನನ್ನಲ್ಲಿ ತೋಡಿಕೊಂಡ ದೂರು ಇದು. ಹೀಗೆ ದೂರಿದವನೇ 74 ಕಂತುಗಳನ್ನೂ ಬಿಡದೆ ನೋಡಿ ಮುಗಿಸಿದ್ದನೆಂಬುದು ಬೇರೆ ಮಾತು. ಅವನ ಮಾತಿನಲ್ಲಿ ಹುರುಳಿದೆಯೇ ಎಂದು ಪರೀಕ್ಷಿಸುವ ಸಲುವಾಗಿ ನಾನೂ ನೋಡತೊಡಗಿದೆ. ಬಿಡಿಸಿದ ಚಿತ್ರಗಳ ಧಾರಾವಾಹಿಯೆಂದರೆ ಮಕ್ಕಳ ವಿನೋದವೆಂಬ ಪೂರ್ವಗ್ರಹ ನನ್ನಲ್ಲಿಯೂ ಇತ್ತೆಂಬುದನ್ನು ಮುಚ್ಚಿಡಲಾರೆ. ಕೆಲವೇ ಕಂತುಗಳಲ್ಲಿ ಅದು ಕರಗಿತು. ದೂರಿನ ವಿಷಯದಲ್ಲಿಯಾದರೋ, ಆ ತರುಣನಿಗೆ ವಿರುದ್ಧವಾದ ನಿಲುವಿಗೇ ನಾನು ಬಂದು ತಲುಪಿದ್ದೇನೆ.

ನವೋಕಿ ಉರಸಾವಾ ಅವರು 1994ರಿಂದ 2001ರವರೆಗೆ ಪತ್ರಿಕೆಯೊಂದರಲ್ಲಿ ಬಿಡಿಬಿಡಿಯಾಗಿ ಪ್ರಕಟಿಸಿದ, 18 ಸಂಪುಟಗಳ ಮಾಂಗಾ ಚಿತ್ರಕಥೆಯೇ ಈ ಧಾರಾವಾಹಿಯ ಮೂಲ. ಆ ಕೃತಿಗೆ 1999ರಲ್ಲಿ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿ ಸಂದಿತು. ಮ್ಯಾಡ್‌ಹೌಸ್ ಸಂಸ್ಥೆಯು ಮಸಾಯುಕಿ ಕೊಜಿಮಾ ಅವರ ನಿರ್ದೇಶನದಲ್ಲಿ ಅದನ್ನು ತೆರೆಗೆ ತಂದು, 2004ರ ಏಪ್ರಿಲ್‌ನಿಂದ 2005ರ ಸೆಪ್ಟೆಂಬರ್‌ವರೆಗೆ ಜಪಾನಿನ ದೂರದರ್ಶನದಲ್ಲಿ ಪ್ರಸಾರವಾಯಿತು. ಕಥೆ ನಡೆಯುವುದು ಮಾತ್ರ ಜಪಾನಿನಲ್ಲಲ್ಲ. ಜರ್ಮನಿಯಲ್ಲಿ ಮತ್ತು ಚೆಕ್ ನಾಡಿನಲ್ಲಿ.

1986ನೆಯ ಇಸವಿ. ಪಶ್ಚಿಮ ಜರ್ಮನಿಯ ಡ್ಯುಸೆಲ್‌ಡಾರ್ಫ್ ನಗರದ ದೊಡ್ಡ ಆಸ್ಪತ್ರೆಯಲ್ಲಿ ಕೆಂಜೊ ತೆನ್ಮಾ ಎಂಬ ಜಪಾನೀ ತರುಣ ಮಿದುಳಿನ ಶಸ್ತ್ರಚಿಕಿತ್ಸೆಯಲ್ಲಿ ಹೆಸರು ಗಳಿಸಿದ್ದಾನೆ. ಆಸ್ಪತ್ರೆಯ ನಿರ್ದೇಶಕನ ಮಗಳು ಈವಾಳೊಡನೆ ಅವನ ವಿವಾಹ ನಿಶ್ಚಯವಾಗಿದೆ. ಒಂದು ರಾತ್ರಿ ತುರ್ಕಿಯ ಕೂಲಿಕಾರನೊಬ್ಬನನ್ನು ಕರೆತರುತ್ತಾರೆ. ಅವನ ಚಿಕಿತ್ಸೆಗೆ ನಿಲ್ಲಬೇಕಾಗಿದ್ದ ತೆನ್ಮಾನನ್ನು, ತರುವಾಯ ಬಂದ ಪ್ರಸಿದ್ಧ ಗಾಯಕನೊಬ್ಬನ ಕಡೆಗೆ ನಿರ್ದೇಶಕನ ಆಜ್ಞೆ ಎಳೆದೊಯ್ಯುತ್ತದೆ. ಗಾಯಕ ಬದುಕುತ್ತಾನೆ, ಕೂಲಿಕಾರ ಸಾಯುತ್ತಾನೆ. ಸತ್ತವನ ಹೆಂಡತಿ ಆಸ್ಪತ್ರೆಯಲ್ಲಿ ತೆನ್ಮಾನ ಎದೆಗೆ ಗುದ್ದಿ ಅಳುವ ದೃಶ್ಯದಿಂದಲೇ ಈ ಕಥೆ ನಿಜವಾಗಿ ಆರಂಭವಾಗುವುದೆಂದು ನನ್ನ ಎಣಿಕೆ. ಅನಂತರ ಮತ್ತೆ ಅಂಥದೇ ರಾತ್ರಿ ಬರುತ್ತದೆ: ತಲೆಗೆ ಗುಂಡು ತಗುಲಿದ ಬಾಲಕ ಮೊದಲು, ನಗರದ ಮೇಯರ್ ಅನಂತರ. ಈ ಬಾರಿ ತೆನ್ಮಾ ಆಜ್ಞೆಯನ್ನು ಮೀರಿ ಬಾಲಕನ ಬಳಿಗೆ ಹೋಗುತ್ತಾನೆ. ಮೇಯರ್ ತೀರಿಕೊಳ್ಳುತ್ತಾನೆ. ತೆನ್ಮಾ ಪದವಿಯನ್ನೂ ವಧುವನ್ನೂ ಕಳೆದುಕೊಳ್ಳುತ್ತಾನೆ.

ಇಲ್ಲಿಗೇ ನಿಲ್ಲಿಸಿದ್ದರೆ ಇದೊಂದು ನೀತಿಕಥೆಯಾಗುತ್ತಿತ್ತು. ಆದರೆ ಎಚ್ಚರವಿಲ್ಲದೆ ಮಲಗಿದ್ದ ಆ ಬಾಲಕನ ಹಾಸಿಗೆಯ ಬಳಿ ಕುಳಿತು, ನಿರ್ದೇಶಕನಂಥವರು ಸತ್ತರೇ ಲೇಸೆಂದು ತೆನ್ಮಾ ತನ್ನ ಕಹಿಯನ್ನೆಲ್ಲ ಕಾರಿಕೊಳ್ಳುತ್ತಾನೆ. ಕೆಲವೇ ದಿನಗಳಲ್ಲಿ ನಿರ್ದೇಶಕನೂ ಇನ್ನಿಬ್ಬರು ವೈದ್ಯರೂ ವಿಷಪ್ರಾಶನದಿಂದ ಸಾಯುತ್ತಾರೆ. ಬಾಲಕನೂ ಅವನ ಅವಳಿ ಸೋದರಿಯೂ ಕಣ್ಮರೆಯಾಗುತ್ತಾರೆ. ಒಂಬತ್ತು ವರ್ಷಗಳ ಅನಂತರ ಆ ಬಾಲಕ, ಯೋಹಾನ್ ಎಂಬ ಸುಂದರ ಯುವಕನಾಗಿ ತೆನ್ಮಾನ ಕಣ್ಣೆದುರಿನಲ್ಲೇ ಒಬ್ಬನನ್ನು ಕೊಂದು, ತಾನು ಯಾರೆಂಬುದನ್ನು ಶಾಂತವಾಗಿ ತಿಳಿಸುತ್ತಾನೆ. ತಾನು ಉಳಿಸಿದ ಜೀವ ಎಷ್ಟೋ ಜೀವಗಳನ್ನು ನುಂಗಿತೆಂದು ಅರಿತ ವೈದ್ಯ, ಕೊಲೆಯ ಆರೋಪವನ್ನೂ ತಲೆಯ ಮೇಲೆ ಹೊತ್ತು, ಕೈಯಲ್ಲಿ ಪಿಸ್ತೂಲು ಹಿಡಿದು ಹೊರಡುತ್ತಾನೆ. ಎಲ್ಲ ಜೀವಗಳೂ ಸಮಾನವೆಂದು ನಂಬಿದವನೇ ಒಂದು ಜೀವವನ್ನು ಈ ಲೆಕ್ಕದಿಂದ ಹೊರಗಿಡಲು ಹೊರಟಿದ್ದಾನೆ. ಕೃತಿಯ ಸಮಸ್ಯೆ ಇದು, ಹಗುರವಾದ ಸಮಸ್ಯೆಯಲ್ಲ.

ಈಗ ದೂರಿನ ವಿಚಾರ. ತೆನ್ಮಾನ ಬೆನ್ನಟ್ಟುವಿಕೆ ಒಂದು ಕಡೆ ಸಾಗುತ್ತಿರುವಾಗಲೇ ಕಥೆ ಮತ್ತೆ ಮತ್ತೆ ನಿಂತುಬಿಡುತ್ತದೆ. ಹಳ್ಳಿಯ ವೈದ್ಯನೊಬ್ಬ, ಸೈನ್ಯದಲ್ಲಿ ಬಾಡಿಗೆಗೆ ದುಡಿದ ಮುದುಕ, ಕುಡಿತ ಬಿಟ್ಟ ಮಾಜಿ ಪೋಲೀಸ್ ಅಧಿಕಾರಿ, ಮ್ಯೂನಿಕ್ಕಿನ ಕುರುಡ ಶ್ರೀಮಂತ: ಒಬ್ಬೊಬ್ಬರಿಗೂ ಒಂದೋ ಎರಡೋ ಕಂತುಗಳು. ಕೆಲವು ಕಂತುಗಳಲ್ಲಿ ನಾಯಕನ ಮುಖ ಕಾಣಿಸುವುದೇ ವಿರಳ. ಯಾವುದನ್ನು ತೆಗೆದುಹಾಕಿದರೂ ಇಡಿಯಾದ ಕೃತಿಗೆ ವ್ಯತ್ಯಾಸವಾಗದೋ ಅದು ಕೃತಿಯ ಅಂಗವೇ ಅಲ್ಲವೆಂಬ ಅಭಿಪ್ರಾಯವನ್ನು ಅರಿಸ್ಟಾಟಲ್ ಕಾವ್ಯಮೀಮಾಂಸೆಯಲ್ಲಿ ಮಂಡಿಸಿದ್ದಾನೆ. ಆ ತರುಣ ಗ್ರೀಕ್ ತತ್ತ್ವಶಾಸ್ತ್ರ ಓದಿದವನಲ್ಲ. ಆದರೂ ಅರಿಸ್ಟಾಟಲನ ಪಕ್ಷದಲ್ಲೇ ನಿಂತು ವಾದಿಸಿದ್ದ.

ನನ್ನ ಉತ್ತರ ಸರಳವಾದುದು. ಜೀವಗಳಲ್ಲಿ ಮುಖ್ಯ, ಅಮುಖ್ಯ ಎಂಬ ಭೇದ ಮಾಡಿದ ಆಸ್ಪತ್ರೆಯನ್ನು ಖಂಡಿಸುತ್ತ ಆರಂಭವಾದ ಕಥೆ, ತಾನೇ ಆ ಆಸ್ಪತ್ರೆಯಂತೆ ನಡೆದುಕೊಳ್ಳಲು ಬರುವುದೆ? ನಾಯಕ ಬಂದನೆಂದು ಉಳಿದವರನ್ನು ಪಡಸಾಲೆಯಲ್ಲಿ ಕಾಯಿಸಿದರೆ, ಕಥೆಗಾರನೂ ಆ ನಿರ್ದೇಶಕನೂ ಒಂದೇ ಆಗುತ್ತಾರೆ. ದಾರಿಯಲ್ಲಿ ಸಿಕ್ಕ ಪ್ರತಿಯೊಬ್ಬನಿಗೂ ಉರಸಾವಾ ಕಾಲಾವಕಾಶ ಕೊಡುತ್ತಾರೆ. ಅವರ ಸಿದ್ಧಾಂತ ಸಂಭಾಷಣೆಯಲ್ಲಿರುವುದಕ್ಕಿಂತ ಹೆಚ್ಚಾಗಿ ಈ ಕಾಲದ ಹಂಚಿಕೆಯಲ್ಲಿದೆ. ಕನ್ನಡ ಓದುಗನಿಗೆ ಇದು ತೀರ ಅಪರಿಚಿತವಾದ ಮಾರ್ಗವೂ ಅಲ್ಲ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಹೊಲೆಯರ ಗುತ್ತಿಗೂ ಅವನ ನಾಯಿಗೂ ಕುವೆಂಪು ಎಷ್ಟು ಪುಟಗಳನ್ನು ಕೊಟ್ಟಿದ್ದಾರೆಂಬುದನ್ನು ನೆನೆದುಕೊಂಡರೆ ಸಾಕು.

ಮಾಜಿ ಪೋಲೀಸ್ ಅಧಿಕಾರಿ ರಿಚರ್ಡ್ ಬ್ರೌನ್‌ನ ಕಥೆಯನ್ನೇ ತೆಗೆದುಕೊಳ್ಳಿ. ಹಿಂದೊಮ್ಮೆ ಅವನು ಕೊಲೆಪಾತಕನಾದ ಎಳೆಯ ಹುಡುಗನೊಬ್ಬನನ್ನು ಗುಂಡಿಟ್ಟು ಕೊಂದಿದ್ದಾನೆ. ಕೆಲಸ ಹೋಗಿದೆ, ಸಂಸಾರ ಮುರಿದಿದೆ. ಕುಡಿತ ಬಿಟ್ಟು, ಖಾಸಗಿ ಪತ್ತೇದಾರಿಕೆ ಮಾಡಿಕೊಂಡು, ಅಗಲಿದ ಮಗಳನ್ನು ಮರಳಿ ಕಾಣುವ ದಿನವನ್ನು ಎದುರು ನೋಡುತ್ತಿದ್ದಾನೆ. ಅಂಥವನನ್ನು ಯೋಹಾನ್ ಎತ್ತರದ ಕಟ್ಟಡವೊಂದರ ಮೇಲೆ ಸಂಧಿಸುತ್ತಾನೆ. ಆಯುಧವಿಲ್ಲ, ಬೆದರಿಕೆಯಿಲ್ಲ, ಮೃದುವಾದ ಮಾತು ಮಾತ್ರ. ಹಳೆಯ ಗಾಯವನ್ನು ತೆರೆದು, ಅದು ಎಂದಿಗೂ ಮಾಯದೆಂದು ನಂಬಿಸುತ್ತಾನೆ. ಪಾಪನಿವೇದನೆಯನ್ನು ಕೇಳುತ್ತ ವರ್ಷಗಳನ್ನು ಕಳೆದ ನನ್ನಂಥವನಿಗೆ ಈ ದೃಶ್ಯ ಅತ್ಯಂತ ಭಯಾನಕವಾಗಿ ಕಂಡಿತು. ಕಿವಿಗೊಟ್ಟು ಆಲಿಸುವುದು, ನೆನಪನ್ನು ಹೊರತೆಗೆಯುವುದು, ತಗ್ಗಿದ ದನಿ ಎಲ್ಲವೂ ಅದೇ, ಕ್ಷಮೆಯೊಂದರ ಹೊರತು. ಈ ಕಂತನ್ನು ಕತ್ತರಿಸಿದ್ದರೆ ಯೋಹಾನ್ ಎಂಥವನೆಂಬುದು ನಮಗೆ ತಿಳಿಯುತ್ತಲೇ ಇರಲಿಲ್ಲ.

ಪಾತ್ರಗಳಲ್ಲಿ ನನಗೆ ಅತ್ಯಂತ ಪ್ರಿಯನಾದವನು ಗ್ರಿಮ್ಮರ್. ಪೂರ್ವ ಬರ್ಲಿನಿನ 511 ಕಿಂಡರ್‌ಹೈಮ್ ಎಂಬ ಕಲ್ಪಿತ ಅನಾಥಾಲಯದಲ್ಲಿ, ಭಾವನೆಗಳನ್ನು ಬೇರುಸಹಿತ ಕಿತ್ತು ಬೆಳೆಸಿದ ಮಕ್ಕಳಲ್ಲಿ ಅವನೊಬ್ಬ. ನಗುವುದನ್ನು ಇತರರು ಭಾಷೆ ಕಲಿಯುವಂತೆ ಅಭ್ಯಾಸದಿಂದ ಕಲಿತಿದ್ದಾನೆ. ಸ್ವಂತ ಮಗ ಸತ್ತಾಗ ಅವನಿಗೆ ಅಳು ಬರಲಿಲ್ಲ. ಆದರೂ ಕಂಡ ಮಕ್ಕಳಿಗೆಲ್ಲ ಕರುಣೆ ತೋರುತ್ತಾನೆ. ಭಾವವಿಲ್ಲದೆ ಕರುಣೆ ಸಾಧ್ಯವೆ ಎಂಬುದು ತತ್ತ್ವಶಾಸ್ತ್ರದ ತರಗತಿಯಲ್ಲಿ ಒಂದು ಇಡೀ ವರ್ಷ ಚರ್ಚಿಸಬಹುದಾದ ಪ್ರಶ್ನೆ. ಕಾಂಟನು ಒಪ್ಪುತ್ತಿದ್ದನೇನೋ. ಈ ಕೃತಿ ಚರ್ಚಿಸುವುದಿಲ್ಲ. ಆ ಮನುಷ್ಯನ ಕಲಿತ ನಗುವನ್ನು ತೋರಿಸಿ ಸುಮ್ಮನಾಗುತ್ತದೆ. ಅವನ ಕೊನೆಯ ದೃಶ್ಯವನ್ನು ಇಲ್ಲಿ ವಿವರಿಸಲಾರೆ, ನೋಡುವವರು ನೋಡಲಿ.

ಈವಾಳ ಪಾತ್ರವೂ ಹಾಗೆಯೇ ಬೆಳೆಯುತ್ತದೆ. ಮೊದಲ ಕಂತಿನಲ್ಲಿ, ಮನುಷ್ಯರ ಜೀವಗಳೆಲ್ಲ ಸಮಾನವಲ್ಲವೆಂದು ಲೀಲಾಜಾಲವಾಗಿ ನುಡಿದವಳು ಅವಳು. ಅವಳನ್ನು ಸುಲಭವಾಗಿ ಖಳನಾಯಕಿಯನ್ನಾಗಿ ಮಾಡಬಹುದಿತ್ತು. ಕುಡಿತದಲ್ಲಿ ಮುಳುಗಿ, ತಾನೇ ಯಾರಿಗೂ ಬೇಡದ ಜೀವವಾದಾಗ, ಆ ಮಾತು ಅವಳ ಮೇಲೆಯೇ ತಿರುಗಿಬೀಳುತ್ತದೆ. ಹಾಗೆಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಂಡದ್ದನ್ನೆಲ್ಲ ಬೆರಳುಗಳಿಂದ ಗಾಳಿಯಲ್ಲಿ ಬೆರಳಚ್ಚು ಮಾಡಿ ನೆನಪಿಡುವ ಪತ್ತೇದಾರಿ ಅಧಿಕಾರಿ ಲುಂಗೆಯೂ ಮರೆಯಲಾಗದ ವ್ಯಕ್ತಿ. ಎಲ್ಲವೂ ನೆನಪಿರುವ ಅವನಿಗೆ ಹೆಂಡತಿ ಮಗಳು ಮಾತ್ರ ನೆನಪಿಗೆ ಬಾರದೆ ಹೋದರು.

ದೋಷಗಳೇ ಇಲ್ಲವೆಂದಲ್ಲ. ಫ್ರಾಂಕ್‌ಫರ್ಟಿನ ನವ-ನಾಜಿಗಳ ಭಾಗದಲ್ಲಿ ದುಷ್ಟರು ಬರಿಯ ದುಷ್ಟರಾಗಿಯೇ ಉಳಿಯುತ್ತಾರೆ. ಅಲ್ಲಿ ಕತ್ತರಿಗೆ ಕೆಲಸವಿತ್ತೆಂದು ಒಪ್ಪುತ್ತೇನೆ. ಅವಳಿ ಸೋದರಿ ನೀನಾಳ ಅಂತರಂಗಕ್ಕೆ ಸಿಗಬೇಕಾದಷ್ಟು ಜಾಗ ಸಿಕ್ಕಿಲ್ಲ. ಆಕಸ್ಮಿಕ ಭೇಟಿಗಳು ಹೆಚ್ಚಾದವು. ಎಲ್ಲಕ್ಕಿಂತ ಮಿಗಿಲಾಗಿ, ಯೋಹಾನ್ ಹೀಗೇಕಾದನೆಂಬುದಕ್ಕೆ ಕೃತಿ ಒಂದರ ಮೇಲೊಂದು ಕಾರಣ ಕೊಡುತ್ತ ಹೋಗುತ್ತದೆ: ಅನಾಥಾಲಯ, ಮಕ್ಕಳಿಗೆ ಓದಿಸಿದ ವಿಚಿತ್ರ ಚಿತ್ರಪುಸ್ತಕ, ಪ್ರಾಗ್ ನಗರದ ಹಳೆಯ ಮನೆ. ಒಂದು ಬಾಗಿಲು ತೆರೆದರೆ ಅದರ ಹಿಂದೆ ಇನ್ನೊಂದು. ನೋಡುಗನಿಗೆ ದಣಿವಾಗುವುದು ಇಲ್ಲಿ, ಸಣ್ಣ ಪಾತ್ರಗಳ ಬಳಿಯಲ್ಲಲ್ಲ.

ಮೊದಲ ಕಂತಿನ ಆರಂಭದಲ್ಲಿಯೇ ತೆರೆಯ ಮೇಲೆ ಪ್ರಕಟನಾ ಗ್ರಂಥದ 13ನೆಯ ಅಧ್ಯಾಯದಿಂದ, ಸಮುದ್ರದಿಂದ ಏರಿಬರುವ ಮೃಗದ ವಾಕ್ಯಗಳು ಕಾಣಿಸುತ್ತವೆ. ಶ್ರೀಗ್ರಂಥದ ಉಲ್ಲೇಖ ಕಂಡು ಹಿಗ್ಗುವ ಸ್ವಭಾವ ನಮ್ಮವರದು. ನನಗೆ ಅದು ಅಲಂಕಾರದಂತೆ ತೋರಿತು. ಕೇಡಿಗೆ ಹತ್ತು ಕೊಂಬುಗಳ ಮೃಗದ ರೂಪ ಬೇಕಿರಲಿಲ್ಲ; ಯೋಹಾನ್‌ನ ಚಿತ್ರಣವಿರುವುದೇ ಬೇರೆ ಬಗೆಯಲ್ಲಿ. ಕೇಡಿಗೆ ಸ್ವಂತ ಸತ್ತ್ವವಿಲ್ಲ, ಅದು ಇರಬೇಕಾದ ಒಳಿತಿನ ಅಭಾವವೆಂದು ಸಂತ ಅಗಸ್ಟೀನರು ಬೋಧಿಸಿದರು. ಕಥೆಯೊಳಗಿನ ಆ ಚಿತ್ರಪುಸ್ತಕದ ರಾಕ್ಷಸನಿಗೆ ಹೆಸರೇ ಇಲ್ಲ. ಕಂಡವರ ಒಳಹೊಕ್ಕು, ಅವರ ಹೆಸರುಗಳನ್ನು ಹೊತ್ತು, ಅವರನ್ನು ತಿಂದು ಹಾಕಿ ಮತ್ತೆ ಬರಿದಾಗುತ್ತಾನೆ. ಯೋಹಾನ್‌ನ ಮುಖದಲ್ಲಿ ಕೋಪವಾಗಲಿ ಹಗೆಯಾಗಲಿ ಇಲ್ಲದಿರುವುದು ಹೀಗೆ ಅರ್ಥಪೂರ್ಣವಾಗುತ್ತದೆ. ಆದರೆ ಬರಿದಾದ ಪಾತ್ರೆಯನ್ನು 74 ಕಂತುಗಳ ಕಾಲ ನೋಡುತ್ತಿರಲು ಸಾಧ್ಯವಿಲ್ಲ. ಸುತ್ತಲಿನ ಜನ ತುಂಬಿಕೊಂಡಿರುವುದರಿಂದಲೇ ಆ ಬರಿದು ಕಣ್ಣಿಗೆ ಬೀಳುತ್ತದೆ.

ಕೊನೆಯ ಕಂತುಗಳಲ್ಲಿ ತೆನ್ಮಾನ ಮುಂದೆ ಯೋಹಾನ್ ಎರಡನೆಯ ಬಾರಿ ತಲೆಗೆ ಗುಂಡು ತಗುಲಿ ಬೀಳುತ್ತಾನೆ. ಗುಂಡು ಹಾರಿಸಿದವನು ತೆನ್ಮಾನಲ್ಲ. ಅವನು ಮತ್ತೆ ಶಸ್ತ್ರಚಿಕಿತ್ಸೆಗೆ ನಿಲ್ಲುತ್ತಾನೆ. ಮೊದಲ ಬಾರಿ ಮಲಗಿದ್ದವನು ಯಾರೆಂದು ಅವನಿಗೆ ಗೊತ್ತಿರಲಿಲ್ಲ, ಈಗ ಗೊತ್ತಿದೆ. ಚಿಕಿತ್ಸೆ ಅದೇ, ಕೈ ಅದೇ. ಆಮೇಲೆ ಆಸ್ಪತ್ರೆಯಲ್ಲಿ ಯೋಹಾನ್ ತನ್ನ ಬಾಲ್ಯದ ಒಂದು ಗಳಿಗೆಯನ್ನು ಅವನಿಗೆ ಹೇಳುತ್ತಾನೆ. ಅವಳಿಗಳಲ್ಲಿ ಒಂದು ಮಗುವನ್ನು ಒಪ್ಪಿಸಬೇಕೆಂದು ಬಂದವರ ಮುಂದೆ ತಾಯಿ ನಿಂತಿದ್ದಳು. ಇಬ್ಬರಿಗೂ ಒಂದೇ ಬಗೆಯ ಉಡುಪು. ಅವಳು ಮೊದಲು ಒಂದು ಕೈಯನ್ನು ಬಿಟ್ಟಳು, ಮತ್ತೆ ಹಿಡಿದಳು, ಇನ್ನೊಂದನ್ನು ಬಿಟ್ಟಳು. ತಾಯಿ ಉಳಿಸಲು ಬಯಸಿದ್ದು ನನ್ನನ್ನೋ, ಅಥವಾ ನನ್ನನ್ನು ಸೋದರಿಯೆಂದು ತಪ್ಪಾಗಿ ತಿಳಿದಳೋ, ಬೇಡವಾಗಿದ್ದ ಮಗು ಯಾವುದು, ಎಂದು ಅವನು ಕೇಳುತ್ತಾನೆ. ಡ್ಯುಸೆಲ್‌ಡಾರ್ಫಿನ ಆಸ್ಪತ್ರೆಯಲ್ಲಿ ಎರಡು ಹಾಸಿಗೆಗಳ ನಡುವೆ ಎದ್ದ ಪ್ರಶ್ನೆಯೇ ಇದು. ಈ ಬಾರಿ ಕೇಳುತ್ತಿರುವವನು ಆಯ್ಕೆಗೆ ಒಳಗಾದ ಮಗು.

ತೆನ್ಮಾನ ಬಳಿ ಉತ್ತರವಿಲ್ಲ. ಅನಂತರ ನಮಗೆ ಕಾಣಿಸುವುದು ಖಾಲಿಯಾದ ಹಾಸಿಗೆ.