ಉಕ್ತಲೇಖನ

ಪ್ರಾಥಮಿಕ ಶಾಲೆಯಲ್ಲಿ ನಮಗೆ ವಾರಕ್ಕೊಮ್ಮೆ ಉಕ್ತಲೇಖನವಿರುತ್ತಿತ್ತು. ಮೇಷ್ಟರು ಹೇಳುವರು, ನಾವು ಬರೆಯುವೆವು. ತಪ್ಪಿದ ಪ್ರತಿಯೊಂದು ಪದವನ್ನೂ ಹತ್ತು ಸಲ ತಿದ್ದಿ ಬರೆಯುವ ಶಿಕ್ಷೆ ನಮ್ಮದು. ಈಗ ಹೇಳುವವನು ನಾನು, ಬರೆಯುವುದು ಕಂಪ್ಯೂಟರು. ತಿದ್ದುವ ಶಿಕ್ಷೆ ಮಾತ್ರ ಇಂದಿಗೂ ನನ್ನ ಪಾಲಿಗೇ ಉಳಿದಿದೆ!

ಬಲಗೈ ಮಣಿಕಟ್ಟಿನ ನೋವು ಇದಕ್ಕೆಲ್ಲ ಕಾರಣ. ದಿನವಿಡೀ ಕೀಲಿಮಣೆ ಕುಟ್ಟಿದ ಫಲವಿದು, ಕೆಲವು ವಾರ ಬೆರಳುಗಳಿಗೆ ವಿಶ್ರಾಂತಿ ಕೊಡಬೇಕು ಎಂದು ವೈದ್ಯರು ಅಪ್ಪಣೆ ಮಾಡಿದರು. ಕಚೇರಿಯ ಕೆಲಸವನ್ನು ಮನೆಯಲ್ಲಿಯೇ ಕುಳಿತು ಮಾಡುವವನು ನಾನು, ಕೆಲಸ ಕಾಯಬೇಕಲ್ಲ! ಆದುದರಿಂದ ಮಾತನ್ನು ಅಕ್ಷರಕ್ಕಿಳಿಸುವ ಸೌಕರ್ಯಕ್ಕೆ ಶರಣಾದೆ.

ಈ ವಿದ್ಯೆ ನಿನ್ನೆ ಮೊನ್ನೆಯದಲ್ಲ. 1952ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದವರು ನಿರ್ಮಿಸಿದ ‘ಆಡ್ರಿ’ ಎಂಬ ಯಂತ್ರವು ಸೊನ್ನೆಯಿಂದ ಒಂಬತ್ತರವರೆಗಿನ ಅಂಕೆಗಳನ್ನಷ್ಟೇ ಗುರುತಿಸುತ್ತಿತ್ತು. 1962ರಲ್ಲಿ ಐಬಿಎಂ ಸಂಸ್ಥೆ ಪ್ರದರ್ಶಿಸಿದ ‘ಶೂಬಾಕ್ಸ್’ ಬಲ್ಲ ಮಾತುಗಳು 16. ಗೂಗಲ್ಲಿನ ಧ್ವನಿ ಬರವಣಿಗೆಗೆ ಕನ್ನಡ ಸೇರಿದ್ದು 2017ರಲ್ಲಿ. ಇಂದಿನ ಯಂತ್ರ ಅಸಂಖ್ಯ ಜನರ ದನಿಗಳನ್ನು ಕೇಳಿ ಕಲಿತದ್ದು. ಯಾವ ಪದದ ಬಳಿಕ ಯಾವುದು ಬರಬಹುದೆಂದು ಎಣಿಸಿ ಬರೆಯುತ್ತದೆ. ಹೀಗಾಗಿ ಎಲ್ಲರೂ ಆಡುವ ಮಾತು ಅದಕ್ಕೆ ಸುಲಭ. ಮನೆತನದ ಹೆಸರನ್ನೋ ಸಣ್ಣ ಹಳ್ಳಿಯ ಹೆಸರನ್ನೋ ಹೇಳಿದರೆ ತಡವರಿಸುತ್ತದೆ.

ನಮಗೆ ಇನ್ನೊಂದು ತೊಡಕೂ ಉಂಟು. ನಾವು ಆಡುವ ಕನ್ನಡ ಬೇರೆ, ಬರೆಯುವ ಕನ್ನಡ ಬೇರೆ. ‘ಕಳಿಸ್ತೀನಿ’ ಎಂಬುದು ಕಚೇರಿಯ ಪತ್ರಕ್ಕೆ ಒಪ್ಪದು. ‘ಕಳುಹಿಸುತ್ತೇನೆ’ ಎಂದು ಬಿಡಿಸಿ ನುಡಿಯಬೇಕು. ಮೊದಲ ದಿನ ನನ್ನ ಈ ಗಂಭೀರ ಭಾಷಣವನ್ನು ಕೇಳಿದ ನನ್ನಾಕೆ ಅಡಿಗೆಮನೆಯಿಂದ ಹೊರಗೆ ಬಂದು, “ಯಾವ ನಾಟಕದ ಪಾಠ ಒಪ್ಪಿಸ್ತಿದ್ದೀರಿ?” ಎಂದು ಕೇಳಿದಳು. ಆದರೂ ವಾರದೊಳಗೆ ರೂಢಿಯಾಯಿತು. ವಾಕ್ಯವನ್ನು ಮನಸ್ಸಿನಲ್ಲಿ ಪೂರ್ತಿ ಮಾಡಿಕೊಂಡು ಬಾಯಿ ತೆರೆಯುವುದು, ಕೊನೆಗೊಮ್ಮೆ ಓದಿ ತಪ್ಪು ತಿದ್ದಿ ವಿರಾಮಚಿಹ್ನೆಗಳನ್ನು ಇಡುವುದು, ಇಷ್ಟೇ ಗುಟ್ಟು.

ಹೀಗಿರಲು ಒಂದು ಸಂಜೆ ಊರಿನಲ್ಲಿರುವ ತಮ್ಮನಿಗೆ ಮಿಂಚಂಚೆ ಬರೆಯಬೇಕಾಯಿತು. ಗದ್ದೆಯ ವಿಚಾರವಾಗಿ ಎರಡು ವರ್ಷಗಳಿಂದ ನಮ್ಮಿಬ್ಬರಿಗೂ ಮನಸ್ತಾಪ. ಕೈ ನೆಟ್ಟಗಿದ್ದ ಕಾಲದಲ್ಲಿ ಅವನಿಗೆ ಎಂಥೆಂಥ ಮಾತುಗಳನ್ನು ಬರೆದಿದ್ದೆನೋ! ಬೆರಳಿಗೆ ನಾಚಿಕೆಯೆಂಬುದಿಲ್ಲ. ಅಂದೂ ಅಂಥ ಮಾತುಗಳನ್ನೇ ಮಸೆದಿಟ್ಟುಕೊಂಡು, ‘ಆ ಗದ್ದೆ ನನ್ನದು’ ಎಂದು ಆರಂಭಿಸಿದೆ. ತೆರೆಯ ಮೇಲೆ ‘ಆಗ ಗೆದ್ದೆ ನನ್ನದು’ ಎಂದು ಮೂಡಿತು. ನಕ್ಕು, ತಿದ್ದಿ, ಮುಂದುವರಿದೆ. ‘ಅಪ್ಪ ತೀರಿಕೊಂಡಾಗ ನೀನು’ ಎಂಬಲ್ಲಿಗೆ ನಾಲಗೆ ನಿಂತುಹೋಯಿತು. ಮುಂದಿನ ಮಾತು ಮನಸ್ಸಿನಲ್ಲಿ ಸಿದ್ಧವಾಗಿಯೇ ಇತ್ತು. ಆದರೆ ನನ್ನ ಕಿವಿಗೇ ಕೇಳುವಂತೆ ಅದನ್ನು ಆಡಲಾರದೆ ಹೋದೆ. ಎಲ್ಲವನ್ನೂ ಅಳಿಸಿ, ‘ದಸರೆಗೆ ಊರಿಗೆ ಬರುತ್ತೇನೆ, ಕುಳಿತು ಮಾತನಾಡೋಣ’ ಎಂದೆ. ಯಂತ್ರ ಒಂದಕ್ಷರವೂ ತಪ್ಪದೆ ಬರೆಯಿತು.

ಮರುದಿನ ಉತ್ತರ ಬಂತು: ‘ಬಾರಣ್ಣ, ಕಾಯ್ತಿರ್ತೀನಿ.’ ಅವನೂ ಬಾಯಲ್ಲೇ ಹೇಳಿ ಬರೆಸಿದ್ದನೋ ಏನೋ!

ಕೈನೋವು ಈಗ ವಾಸಿಯಾಗಿದೆ. ಲೆಕ್ಕಪತ್ರಗಳನ್ನು ಮತ್ತೆ ಬೆರಳಿನಿಂದಲೇ ಒತ್ತುತ್ತೇನೆ. ಬೇಕಾದವರಿಗೆ ಬರೆಯುವುದನ್ನು ಮಾತ್ರ ಬಾಯಲ್ಲಿ ಆಡಿಯೇ ಬರೆಸುತ್ತೇನೆ. ಬಾಯಿಬಿಟ್ಟು ಹೇಳಲಾಗದ ಮಾತನ್ನು ಬರೆದು ಕಳುಹಿಸಬಾರದೆಂಬ ಪಾಠ ನನಗೆ ಶಾಲೆಯ ಉಕ್ತಲೇಖನದಲ್ಲಿ ದೊರೆತಿರಲಿಲ್ಲ. ಈ ವಯಸ್ಸಿನ ಉಕ್ತಲೇಖನದಲ್ಲಿ ದೊರೆಯಿತು.